ಬಾಗುವ ಮಗುವಿಗೆ ಬಹುಮಾನ ಕೊಡುವ ಮುನ್ನ

ಹಾವೇರಿ, ಗದಗ ಮತ್ತು ಧಾರವಾಡ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ಹಾಗೂ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ನಾನು ಬ್ಯಾಡಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ಎರಡು ವರ್ಷಗಳ ಹಿಂದೆ ನಿವೃತ್ತನಾದವನು. ಸೇವೆಯ ಉದ್ದಕ್ಕೂ ಮಕ್ಕಳನ್ನು ಓಡಿಸಿದ್ದೇನೆ, ಜಿಗಿಸಿದ್ದೇನೆ, ಬಾಗಿಸಿದ್ದೇನೆ. ಬಾಗಿಸಿದ್ದರ ಬಗ್ಗೆಯೇ ಈ ಪತ್ರ.

ಎಂಟನೆಯ ತರಗತಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿ. ಅವಳ ಹೆಸರನ್ನೂ ಊರನ್ನೂ ಬರೆಯುವುದಿಲ್ಲ ಎಂದು ಅವಳ ತಾಯಿಗೆ ಮಾತು ಕೊಟ್ಟಿದ್ದೇನೆ. ಮೊದಲ ವಾರದ ಕವಾಯತಿನಲ್ಲಿ ‘ಮೊಣಕಾಲು ಮಡಿಸದೆ ಕಾಲ್ಬೆರಳು ಮುಟ್ಟಿ’ ಎಂದೆ. ಸಾಲಿನಲ್ಲಿದ್ದವರಲ್ಲಿ ಹೆಚ್ಚಿನವರ ಕೈ ಮೀನಖಂಡದ ಹತ್ತಿರವೇ ನಿಂತುಬಿಟ್ಟಿತು. ಇವಳ ಎರಡೂ ಅಂಗೈಗಳು ನೆಲದ ಮೇಲೆ ರೊಟ್ಟಿಯ ಹಾಗೆ ಹರಡಿಕೊಂಡಿದ್ದವು. ನನಗೆ ಆದ ಸಂತೋಷ ಇಂದಿಗೂ ನೆನಪಿದೆ. ಹತ್ತು ವರ್ಷಕ್ಕೊಮ್ಮೆ ಸಿಗುವ ಮಗು ಸಿಕ್ಕಿತು ಎಂದುಕೊಂಡೆ. ಜೂನ್ 21ರ ಯೋಗ ದಿನಕ್ಕೆ ಅವಳನ್ನೇ ವೇದಿಕೆಯ ನಡುವೆ ನಿಲ್ಲಿಸಿದೆ. ಪೂರ್ಣ ಚಕ್ರಾಸನದಲ್ಲಿ ಅವಳ ಕೈಗಳು ಹಿಮ್ಮಡಿಯನ್ನು ಹಿಡಿದುಕೊಂಡಾಗ ಊರಿನ ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಲಯ ಮಟ್ಟದಲ್ಲಿ ಪ್ರಥಮ, ತಾಲ್ಲೂಕು ಮಟ್ಟದಲ್ಲಿ ಪ್ರಥಮ. ಅವಳ ದೇಹ ರಬ್ಬರಿನ ಹಾಗಿದೆ ಎಂದು ನಾನು ಎಲ್ಲರೆದುರು ಹೊಗಳಿದೆ.

ಒಂಬತ್ತನೆಯ ತರಗತಿಯಲ್ಲಿ, ಜಿಲ್ಲಾ ಮಟ್ಟಕ್ಕೆ ತಯಾರಿ ನಡೆದಿದ್ದಾಗ, ಅವಳ ಬಲಗೈ ಭುಜದ ಕೀಲು ಜಾರಿತು. ಬಿದ್ದಿರಲಿಲ್ಲ, ಯಾರೂ ದೂಡಿರಲಿಲ್ಲ. ಕೈಯನ್ನು ತಲೆಯ ಹಿಂದೆ ಒಯ್ದಳು, ಅಷ್ಟೇ. ನಾಟಿ ವೈದ್ಯರೊಬ್ಬರು ಕೂಡಿಸಿ, ಎಣ್ಣೆ ಹಚ್ಚಿ, ಬಿದಿರ ದಬ್ಬೆ ಇಟ್ಟು ಒಂದು ತಿಂಗಳು ಕಟ್ಟಿದರು. ಕಟ್ಟು ಬಿಚ್ಚಿದ ಎಂಟು ದಿನಕ್ಕೆ ಜಡೆ ಹಾಕಿಕೊಳ್ಳುವಾಗ ಮತ್ತೆ ಜಾರಿತು. ಆಮೇಲೆ ಪಾದದ ಕೀಲು ವಾರಕ್ಕೊಮ್ಮೆ ಉಳುಕತೊಡಗಿತು. ಒಂದು ಪುಟ ಬರೆಯುವಷ್ಟರಲ್ಲಿ ಬೆರಳುಗಳು ಸೋತು ಪೆನ್ನು ಕೆಳಗೆ ಬೀಳುತ್ತಿತ್ತು. ಬೆಳಗಿನ ಪ್ರಾರ್ಥನೆಗೆ ನಿಂತರೆ ಕಣ್ಣು ಕತ್ತಲಿಟ್ಟು ಕುಸಿಯುತ್ತಿದ್ದಳು. ಮೂರು ಕಡೆ ಎಕ್ಸ್‌-ರೇ ತೆಗೆಸಿದರು, ಮೂರೂ ಕಡೆ ‘ಏನೂ ಇಲ್ಲ’ ಎಂಬ ಉತ್ತರ ಬಂತು. ಎಕ್ಸ್‌-ರೇಯಲ್ಲಿ ಎಲುಬು ಕಾಣುತ್ತದೆ. ಎಲುಬುಗಳನ್ನು ಹಿಡಿದಿಟ್ಟ ಹುರಿ ಸಡಿಲಾಗಿದ್ದರೆ ಅದು ಅಲ್ಲಿ ಕಾಣುವುದಿಲ್ಲ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಶಾಲೆಯಲ್ಲಿ ಅವಳಿಗೆ ‘ನಾಟಕದವಳು’ ಎಂಬ ಹೆಸರು ಬಿದ್ದಿತ್ತು. ‘ಚಕ್ರಾಸನ ಹಾಕುವವಳಿಗೆ ಒಂದು ಪುಟ ಬರೆಯಲು ಆಗುವುದಿಲ್ಲವೇ’ ಎಂದು ಕೇಳಿದವರಲ್ಲಿ ನಾನೂ ಒಬ್ಬ. ಆ ಮಾತನ್ನು ನಾನು ಹಿಂತೆಗೆದುಕೊಳ್ಳಲಾರೆ. ಅದಕ್ಕಾಗಿಯೇ ಇದನ್ನು ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಎರಡು ವರ್ಷ ಕಳೆದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಒಬ್ಬ ತರುಣ ವೈದ್ಯೆ ಅವಳನ್ನು ನೋಡಿದರು. ನಾನೂ ಜೊತೆಗೆ ಹೋಗಿದ್ದೆ. ವೈದ್ಯೆ ಮೊದಲು ಯಾವ ಚೀಟಿಯನ್ನೂ ಬರೆಯಲಿಲ್ಲ. ಹುಡುಗಿಯ ಕಿರುಬೆರಳನ್ನು ಮೆಲ್ಲಗೆ ಹಿಂದಕ್ಕೆ ಎತ್ತಿದರು, ಅದು ಮುಂಗೈಯ ಕಡೆಗೆ ವಾಲಿತು. ಹೆಬ್ಬೆರಳನ್ನು ಮಡಿಸಿದರು, ಅದು ಮುಂಗೈಗೆ ತಾಗಿತು. ಕೈ ಚಾಚಿಸಿ ಮೊಣಕೈ ನೋಡಿದರು, ನಿಲ್ಲಿಸಿ ಮೊಣಕಾಲು ನೋಡಿದರು. ಎರಡೂ ಹಿಂದಕ್ಕೆ ಬಿಲ್ಲಿನಂತೆ ಬಾಗಿದವು. ಕೊನೆಗೆ ‘ಬಗ್ಗಿ ನೆಲ ಮುಟ್ಟು’ ಎಂದರು. ಒಂಬತ್ತಕ್ಕೆ ಒಂಬತ್ತು ಅಂಕ. ನಾನು ಪ್ರಶಸ್ತಿ ಪತ್ರ ಬರೆದುಕೊಟ್ಟಿದ್ದ ಅದೇ ಭಂಗಿಯನ್ನು ಅವರು ರೋಗದ ಗುರುತಾಗಿ ದಾಖಲೆಯಲ್ಲಿ ಬರೆದುಕೊಂಡರು.

ಆಮೇಲೆ ಅವರು ತಾಯಿಯ ಕಡೆಗೆ ತಿರುಗಿದರು. ‘ಅಮ್ಮಾ, ನಿಮ್ಮ ಕೈ ತೋರಿಸಿ.’

ಆ ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವರು. ಹಂಗಾಮಿನಲ್ಲಿ ಬ್ಯಾಡಗಿಗೆ ಬಂದವರಿಗೆ ಈ ದೃಶ್ಯ ಗೊತ್ತು: ಕೆಂಪು ರಾಶಿಯ ಸುತ್ತ ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತ ಹೆಂಗಸರು, ಉರಿಯಬಾರದೆಂದು ಕೈಗೆ ಹಚ್ಚಿಕೊಂಡ ಎಣ್ಣೆ, ನಿಲ್ಲದೆ ಆಡುವ ಬೆರಳುಗಳು. ಕೂಲಿ ಕಿಲೋ ಲೆಕ್ಕದಲ್ಲಿ. ಅವರು ಕೈ ಮುಂದೆ ಚಾಚಿದಾಗ ಹೆಬ್ಬೆರಳ ಬುಡದ ಗಂಟು ಊದಿತ್ತು. ಉಗುರಿನ ಕೆಳಗಿನ ಗೆಣ್ಣು ಹಿಂದಕ್ಕೆ ಕೊಕ್ಕೆಯ ಹಾಗೆ ಮಡಚಿಕೊಂಡಿತ್ತು. ‘ತೊಟ್ಟು ಒತ್ತುವಾಗ ಹೀಗೇ ಆಗುತ್ತದೆ. ನಮ್ಮ ಅವ್ವನಿಗೂ ಹೀಗೇ ಆಗುತ್ತಿತ್ತು. ನಮ್ಮ ಮನೆತನದ ಬೆರಳೇ ಇಂಥವು’ ಎಂದರು. ಹದಿನೈದು ವರ್ಷ ಆ ಬೆರಳಿನಿಂದಲೇ ದುಡಿದಿದ್ದಾರೆ. ರಾತ್ರಿ ನೋವಿಗೆ ಅಂಗಡಿಯ ಗುಳಿಗೆ, ಬೆಳಿಗ್ಗೆ ಮತ್ತೆ ರಾಶಿಯ ಮುಂದೆ. ಅದು ನೋವು ಎಂದು ಯಾರಾದರೂ ಕೇಳಬಹುದು ಎಂಬ ಎಣಿಕೆಯೇ ಅವರಿಗೆ ಇರಲಿಲ್ಲ.

ಅಂದು ವೈದ್ಯೆ ಹೇಳಿದ ಹೆಸರು ಎಹ್ಲರ್ಸ್-ಡಾನ್ಲೋಸ್. 1901ರಲ್ಲಿ ಡೆನ್ಮಾರ್ಕಿನ ಎಡ್ವರ್ಡ್ ಎಹ್ಲರ್ಸ್, 1908ರಲ್ಲಿ ಫ್ರಾನ್ಸಿನ ಹೆನ್ರಿ ಡಾನ್ಲೋಸ್ ಎಂಬ ಚರ್ಮವೈದ್ಯರು ವಿವರಿಸಿದ ಕಾಯಿಲೆಗಳ ಗುಂಪು ಇದು. 2017ರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದರ 13 ವಿಧಗಳಿವೆ. ಬಾಯಿಗೆ ಹಿಡಿಯದ ಹೆಸರಾದರೂ ಒಳಗಿನ ಸಂಗತಿ ನಮ್ಮ ಹಳ್ಳಿಯವರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಹೊರಸಿನ ನಾಲ್ಕೂ ಕಾಲು ಗಟ್ಟಿಯಾಗಿರುತ್ತವೆ, ಪಟ್ಟಿಗಳೂ ಗಟ್ಟಿಯಾಗಿರುತ್ತವೆ, ಆದರೆ ಹೆಣೆದ ನುಲಿಯೇ ಸಡಿಲವಾದರೆ ಮಲಗಿದವರ ಬೆನ್ನು ನೆಲಕ್ಕೆ ಹತ್ತುತ್ತದೆ. ನಮ್ಮ ದೇಹದಲ್ಲಿ ಆ ನುಲಿಯ ಕೆಲಸ ಮಾಡುವುದು ಸಂಯೋಜಕ ಅಂಗಾಂಶ. ಅದರ ಮುಖ್ಯ ಎಳೆ ಕೊಲಾಜೆನ್ ಎಂಬ ಪ್ರೋಟೀನು. ಅದನ್ನು ನೂಲುವ ಜೀನಿನಲ್ಲಿ ದೋಷವಿದ್ದರೆ ಹುಟ್ಟಿನಿಂದಲೇ ಎಳೆ ಸಡಿಲ. ಕೊಲಾಜೆನ್ ಕೀಲಿನಲ್ಲಿ ಮಾತ್ರ ಇಲ್ಲ. ಚರ್ಮ, ಕರುಳು, ರಕ್ತನಾಳದ ಗೋಡೆ, ಎಲ್ಲೆಲ್ಲೂ ಇದೆ. ಆದ್ದರಿಂದಲೇ ಕೆಲವು ಮಕ್ಕಳ ಚರ್ಮ ಎಳೆದರೆ ಹಿಗ್ಗುತ್ತದೆ, ಸಣ್ಣ ಗಾಯವೂ ಉಳ್ಳಾಗಡ್ಡಿ ಸಿಪ್ಪೆಯಂಥ ತೆಳ್ಳನೆಯ ಅಗಲ ಕಲೆ ಬಿಟ್ಟು ಮಾಯುತ್ತದೆ. ರಕ್ತನಾಳಗಳನ್ನೇ ಹಿಡಿಯುವ ವಿಧ ಅಪರೂಪ, ಆದರೆ ಪ್ರಾಣಕ್ಕೆ ಎರವಾಗುವಂಥದ್ದು. ಈ ಹುಡುಗಿಯದು ಕೀಲುಗಳನ್ನು ಹೆಚ್ಚಾಗಿ ಕಾಡುವ ವಿಧ. ಇದು ಎಲ್ಲ ವಿಧಗಳಿಗಿಂತ ಹೆಚ್ಚಾಗಿ ಕಾಣುವಂಥದ್ದು, ಆದರೂ ಇದಕ್ಕೆ ಕಾರಣವಾದ ಜೀನು ಇನ್ನೂ ಪತ್ತೆಯಾಗಿಲ್ಲ. ಹಾಗಾಗಿ ರಕ್ತ ಕೊಟ್ಟು ತಿಳಿಯುವ ದಾರಿ ಇಲ್ಲ. ವೈದ್ಯರು ಕೈ ಮುಟ್ಟಿ, ಮನೆತನದ ಕಥೆ ಕೇಳಿ, ಬೇರೆ ಕಾಯಿಲೆಗಳನ್ನು ಒಂದೊಂದಾಗಿ ದೂರಮಾಡಿ ತಿಳಿಯಬೇಕು.

ತಮ್ಮಲ್ಲಿ ನನ್ನ ಕೋರಿಕೆ ಇಲ್ಲಿಂದಲೇ ಶುರುವಾಗುತ್ತದೆ. ಆ ವೈದ್ಯೆ ಮಾಡಿದ ಪರೀಕ್ಷೆಗೆ ಬೈಟನ್ ಅಂಕ ಎಂದು ಹೆಸರು. ಕಿರುಬೆರಳು 90 ಡಿಗ್ರಿ ದಾಟಿ ಹಿಂದಕ್ಕೆ ಏಳುವುದು, ಹೆಬ್ಬೆರಳು ಮುಂಗೈ ತಾಗುವುದು, ಮೊಣಕೈ ಮತ್ತು ಮೊಣಕಾಲು 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಹೋಗುವುದು, ಇವಕ್ಕೆ ಎಡ ಬಲ ಸೇರಿ ಎಂಟು ಅಂಕ. ಮೊಣಕಾಲು ಮಡಿಸದೆ ಅಂಗೈ ನೆಲಕ್ಕೆ ಊರಿದರೆ ಒಂಬತ್ತನೆಯದು. 2017ರ ಮಾನದಂಡದ ಪ್ರಕಾರ ಇನ್ನೂ ಪ್ರಾಯಕ್ಕೆ ಬಾರದ ಮಕ್ಕಳಲ್ಲಿ ಆರು, ಪ್ರಾಯಕ್ಕೆ ಬಂದವರಲ್ಲಿ ಐವತ್ತರವರೆಗೆ ಐದು, ಐವತ್ತು ದಾಟಿದವರಲ್ಲಿ ನಾಲ್ಕು ಅಂಕ ಬಂದರೆ ಮುಂದೆ ನೋಡಬೇಕು. ಪೀಟರ್ ಬೈಟನ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಕ್ರಮ ಇದು. ಆಫ್ರಿಕಾದ ತ್ಸ್ವಾನಾ ಜನರ ನಡುವೆ ಹೋಗಿ, ಒಬ್ಬೊಬ್ಬರ ಕೀಲು ಮುಟ್ಟಿ ನೋಡಿ ರೂಪಿಸಿದ್ದು. ಯಂತ್ರ ಬೇಡ, ಕರೆಂಟು ಬೇಡ, ಸೂಜಿ ಬೇಡ. ಒಂದು ಮಗುವಿಗೆ ಎರಡು ನಿಮಿಷ ಸಾಕು.

ಎರಡು ನಿಮಿಷ ನಮ್ಮ ಶಾಲೆಗಳಲ್ಲಿ ಇಲ್ಲವೇ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ತಂಡಗಳು ಅಂಗನವಾಡಿಗೂ ಶಾಲೆಗೂ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ನಾನೇ ಎಷ್ಟೋ ಸಲ ಮಕ್ಕಳನ್ನು ಸಾಲು ನಿಲ್ಲಿಸಿದ್ದೇನೆ. ಎತ್ತರ, ತೂಕ, ಕಣ್ಣು, ಹಲ್ಲು, ರಕ್ತಹೀನತೆ ನೋಡುತ್ತಾರೆ, ಹೃದಯದ ಬಡಿತ ಕೇಳುತ್ತಾರೆ. ಆ ಸಾಲಿನಲ್ಲೇ ‘ಮಗು, ಹೆಬ್ಬೆರಳು ಮಡಿಸು, ಬಗ್ಗಿ ನೆಲ ಮುಟ್ಟು’ ಎಂಬ ಎರಡು ಮಾತು ಸೇರಲಿ. ಕಾರ್ಡಿನಲ್ಲಿ ಒಂದು ಅಂಕಣ ಸೇರಲಿ. ಮೂರು ಜಿಲ್ಲೆಗಳಲ್ಲಿ ಒಂದು ವರ್ಷ ಪ್ರಯೋಗಕ್ಕೆಂದಾದರೂ ನಡೆಯಲಿ.

ಹೀಗೆ ಮಾಡಿದರೆ ಬಾಗುವ ಮಕ್ಕಳೆಲ್ಲ ಆಸ್ಪತ್ರೆಗೆ ಓಡುತ್ತಾರೆ ಎಂದು ತಾವು ಹೇಳಬಹುದು. ಆ ಮಾತಿಗೆ ತೂಕವಿದೆ. ಎಳೆಯ ಮಕ್ಕಳ ಕೀಲು ಸಹಜವಾಗಿಯೇ ಮೆತ್ತಗಿರುತ್ತದೆ, ವಯಸ್ಸಾದಂತೆ ಬಿಗಿಯುತ್ತದೆ. ಹುಡುಗಿಯರಲ್ಲಿ ಬಾಗುವಿಕೆ ಹೆಚ್ಚು. ಚೆನ್ನಾಗಿ ಬಾಗುತ್ತ, ನೋವಿಲ್ಲದೆ, ಆಯುಷ್ಯಪೂರ್ತಿ ಆರೋಗ್ಯವಾಗಿರುವವರೇ ಬಹಳ. ಅವರನ್ನು ಹೆದರಿಸುವ ಕೆಲಸ ಬೇಡವೇ ಬೇಡ. ಅಂಕದ ಜೊತೆಗೆ ಇನ್ನೂ ಕೆಲವು ಪ್ರಶ್ನೆ ಇರಬೇಕು: ಕೀಲು ಹಿಂದೆ ಜಾರಿತ್ತೇ, ಕೈಕಾಲು ನೋವೆಂದು ರಾತ್ರಿ ಅಳುತ್ತದೆಯೇ, ಗಾಯದ ಕಲೆ ತೆಳ್ಳಗೆ ಅಗಲವಾಗಿದೆಯೇ, ಮನೆಯಲ್ಲಿ ಯಾರಿಗಾದರೂ ಹೀಗೇ ಇದೆಯೇ, ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೇ. ಇದರಲ್ಲಿ ಒಂದಕ್ಕೆ ‘ಹೌದು’ ಬಂದರೂ ಆ ಮಗುವನ್ನು ವೈದ್ಯರ ಹತ್ತಿರ ಕಳಿಸಬೇಕು.

ಕೊನೆಯ ಪ್ರಶ್ನೆ ಯಾಕೆಂದು ಹೇಳುತ್ತೇನೆ, ಏಕೆಂದರೆ ಅದು ನನ್ನ ಮೈದಾನದ ಹುಡುಗರಿಗೆ ಸಂಬಂಧಿಸಿದ್ದು. ವಾಲಿಬಾಲಿಗೆ ನಾವು ಎತ್ತರದ ಹುಡುಗರನ್ನು ಆರಿಸುತ್ತೇವೆ. ಉದ್ದನೆಯ ತೋಳು, ಉದ್ದನೆಯ ಬೆರಳು ಕಂಡರೆ ನಮ್ಮ ಕಣ್ಣು ಅರಳುತ್ತದೆ. ಮಾರ್ಫಾನ್ ಎಂಬ ಇದೇ ಬಳಗದ ಇನ್ನೊಂದು ಕಾಯಿಲೆಯ ಮೈಕಟ್ಟು ಸಹ ಹೀಗೆಯೇ ಇರುತ್ತದೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದೆ ಎನ್ನುತ್ತಾರೆ. ಇಲ್ಲಿ ಕೆಟ್ಟಿರುವುದು ಫೈಬ್ರಿಲಿನ್ ಎಂಬ ಇನ್ನೊಂದು ಎಳೆ. ಕಣ್ಣಿನ ಮಸೂರ ಜರುಗಬಹುದು, ಬೆನ್ನೆಲುಬು ಡೊಂಕಾಗಬಹುದು. ಎಲ್ಲಕ್ಕಿಂತ ಭಯದ್ದು, ಹೃದಯದಿಂದ ಹೊರಡುವ ಮಹಾಪಧಮನಿ ಸದ್ದಿಲ್ಲದೆ ಹಿಗ್ಗುತ್ತ ಹೋಗಿ ಒಂದು ದಿನ ಸೀಳುತ್ತದೆ. ಅಮೆರಿಕದ ಫ್ಲೋ ಹೈಮನ್ ಎಂಬ ಆಟಗಾರ್ತಿ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ವಾಲಿಬಾಲ್ ತಂಡದಲ್ಲಿದ್ದವರು, ಆರು ಅಡಿ ಐದು ಅಂಗುಲ ಎತ್ತರ. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಅಂಕಣದಿಂದ ಹೊರಬಂದು ಬೆಂಚಿನ ಮೇಲೆ ಕುಳಿತರು, ಅಲ್ಲಿಯೇ ಕುಸಿದು ತೀರಿಕೊಂಡರು. ವಯಸ್ಸು 31. ಅಷ್ಟು ವರ್ಷ ಅಂತರರಾಷ್ಟ್ರೀಯ ಮಟ್ಟದಲ್ಲಿ ಆಡಿದರೂ ಅವರಿಗೆ ಮಾರ್ಫಾನ್ ಇದೆಯೆಂದು ಗೊತ್ತಾದದ್ದು ಸತ್ತ ಮೇಲೆ. ಆ ಬಳಿಕ ಅವರ ತಮ್ಮನನ್ನು ಪರೀಕ್ಷಿಸಿದರು, ಅವನಲ್ಲೂ ಅದೇ ಕಾಯಿಲೆ ಸಿಕ್ಕಿತು, ಶಸ್ತ್ರಚಿಕಿತ್ಸೆಯಿಂದ ಅವನು ಉಳಿದ.

ಆಟಗಾರರನ್ನು ಆರಿಸುವಾಗ ನಾನು ಎಂದೂ ಹುಡುಗರ ಹೆಬ್ಬೆರಳು ನೋಡಿದವನಲ್ಲ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿಸಿದಾಗ ಅದರ ಉಗುರು ಇನ್ನೊಂದು ಬದಿಯಿಂದ ಪೂರ್ತಿ ಹೊರಗೆ ಇಣುಕಿದರೆ, ಒಂದು ಕೈಯ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಬಳಸಿ ಹಿಡಿದಾಗ ಉಗುರುಗಳು ಒಂದರ ಮೇಲೊಂದು ಬಂದರೆ, ಆ ಹುಡುಗನಿಗೆ ಜೆರ್ಸಿ ಕೊಡುವ ಮೊದಲು ಹೃದಯದ ಎಕೋ ಮಾಡಿಸಬೇಕು. ಕಾಲಕ್ಕೆ ಸರಿಯಾಗಿ ತಿಳಿದರೆ ರಕ್ತದ ಒತ್ತಡ ತಗ್ಗಿಸುವ ಗುಳಿಗೆ ಇದೆ, ವರ್ಷವರ್ಷ ಅಳತೆ ನೋಡುವ ಕ್ರಮ ಇದೆ, ಹಿಗ್ಗಿದ ನಾಳವನ್ನು ಬದಲಿಸುವ ಶಸ್ತ್ರಚಿಕಿತ್ಸೆ ಇದೆ. ಹೆತ್ತವರಿಗೆ ಇಲ್ಲ, ಹಾಗಾಗಿ ಮಗನಿಗೂ ಇರಲಿಕ್ಕಿಲ್ಲ ಎನ್ನುವ ಹಾಗಿಲ್ಲ. ಮಾರ್ಫಾನ್ ಇರುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಅದು ಮನೆತನದಲ್ಲಿ ಹೊಸದಾಗಿ ಬಂದಿರುತ್ತದೆ. ಇನ್ನೊಂದು ವಿಷಯವನ್ನು ಔಷಧ ಅಂಗಡಿಗಳವರಿಗೂ ಹೇಳಿಬಿಡುತ್ತೇನೆ. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪಿನ ಆಂಟಿಬಯೋಟಿಕ್‌ಗಳಿಂದ ಮಹಾಪಧಮನಿಗೆ ಅಪಾಯವಾಗಬಹುದೆಂದು, ಮಾರ್ಫಾನ್, ಎಹ್ಲರ್ಸ್-ಡಾನ್ಲೋಸ್ ಇರುವವರಿಗೆ ಬೇರೆ ದಾರಿ ಇದ್ದಾಗ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ನಮ್ಮ ಊರುಗಳಲ್ಲಿ ಅವು ಹೊಟ್ಟೆ ಕೆಟ್ಟಿತೆಂದರೆ ಚೀಟಿ ಇಲ್ಲದೆ ಕೈಗೆ ಬರುತ್ತವೆ.

ಉಪನಿರ್ದೇಶಕರಲ್ಲಿ ನನ್ನ ಮಾತು ಬೇರೆ. ನಮ್ಮ ಭಾಗಕ್ಕೆ ಮಲ್ಲಕಂಬದ ಪರಂಪರೆ ಇದೆ, ಗರಡಿಯ ಪರಂಪರೆ ಇದೆ, ಯೋಗ ಈಗ ಪ್ರತಿ ಶಾಲೆಯಲ್ಲೂ ಇದೆ. ಅವುಗಳ ಮೇಲೆ ನನ್ನ ಪ್ರೀತಿ ಒಂದಿಷ್ಟೂ ತಗ್ಗಿಲ್ಲ. ಆದರೆ ಯೋಗ ಸ್ಪರ್ಧೆಯಲ್ಲಿ ಯಾವ ಮಗು ಹೆಚ್ಚು ಮಡಚಿಕೊಂಡಿತೋ ಅದಕ್ಕೆ ಹೆಚ್ಚು ಅಂಕ ಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತೀರ್ಪುಗಾರನಾಗಿ ನಾನೇ ಹಾಕಿದ್ದೇನೆ. ಕೀಲು ಸಡಿಲವಿರುವ ಮಗು ಕೊನೆಯ ಅಂಚಿಗೆ ಹೋಗಿ ಕೀಲಿನ ಮೇಲೆಯೇ ತೂಗುತ್ತದೆ, ಸ್ನಾಯು ಕೆಲಸ ಮಾಡುವುದಿಲ್ಲ. ನೋಡುವವರಿಗೆ ಅದು ಸಾಧನೆಯಂತೆ ಕಾಣುತ್ತದೆ. ಅಂಥ ಮಗುವಿಗೆ ಬೇಕಾದದ್ದು ಇನ್ನಷ್ಟು ಹಿಗ್ಗುವ ಅಭ್ಯಾಸವಲ್ಲ, ಅಂಚಿಗೆ ಹೋಗದೆ ಮೊದಲೇ ನಿಲ್ಲುವ ಅಭ್ಯಾಸ. ನುಲಿ ಸಡಿಲವಿದ್ದಾಗ ಕೀಲನ್ನು ಕಾಯುವುದು ಸ್ನಾಯು ಒಂದೇ. ಗೋಡೆಗೆ ಕೈಯೊತ್ತಿ ನಿಲ್ಲುವುದು, ಮೊಣಕಾಲನ್ನು ಪೂರ್ತಿ ಹಿಂದಕ್ಕೆ ಬಿಡದೆ ಎದ್ದು ಕೂಡುವುದು, ನಿಧಾನದ ನಡಿಗೆ: ಇಂಥವನ್ನೇ ಫಿಸಿಯೋಥೆರಪಿಯವರು ಆ ಹುಡುಗಿಗೆ ಕಲಿಸಿದರು. ಒಂದು ತಿಂಗಳು ಕಟ್ಟು ಹಾಕಿ ಕೂರಿಸಿದ್ದರಿಂದ ಇದ್ದ ಸ್ನಾಯುವೂ ಸೊರಗಿ ಕೀಲು ಮತ್ತೆ ಜಾರಿತ್ತು ಎಂದೂ ಅವರೇ ಹೇಳಿದರು. ಎಲುಬು ಕೂಡಿಸುವವರನ್ನು ನಾನು ಹಳಿಯುವುದಿಲ್ಲ; ನಡುರಾತ್ರಿ ಜಾರಿದ ಕೈಯನ್ನು ಕೂಡಿಸಿ ಅಳು ನಿಲ್ಲಿಸಿದವರು ಅವರೇ. ಅವರಿಗೂ ಈ ವಿಷಯ ಮುಟ್ಟಬೇಕು.

ದೈಹಿಕ ಶಿಕ್ಷಕರ ತರಬೇತಿಯಲ್ಲಿ ಅರ್ಧ ದಿನವನ್ನು ಇದಕ್ಕೆ ಕೊಡಿ. ಯೋಗ ಸ್ಪರ್ಧೆಯ ಅಂಕದಲ್ಲಿ ಬಾಗುವಿಕೆಯ ಪಾಲು ತಗ್ಗಿಸಿ ಸ್ಥಿರತೆಗೆ, ಉಸಿರಿಗೆ ಹೆಚ್ಚು ಕೊಡಿ. ಪ್ರಾರ್ಥನೆಯಲ್ಲಿ ನಿಂತು ಕುಸಿಯುವ ಮಗುವಿಗೆ ಕುಳಿತುಕೊಳ್ಳಲು ಅನುಮತಿ ಇರಲಿ.

ಇನ್ನು ಬರವಣಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ, ಎಹ್ಲರ್ಸ್-ಡಾನ್ಲೋಸ್ ಹೆಸರು ಅದರಲ್ಲಿಲ್ಲ. ಚಲನ ನ್ಯೂನತೆಯ ಪ್ರಮಾಣ ಪತ್ರಕ್ಕೆ ಹೋದರೆ ಕೀಲು ಎಷ್ಟು ಕಡಿಮೆ ಬಾಗುತ್ತದೆ ಎಂಬುದನ್ನೇ ಹೆಚ್ಚಾಗಿ ಅಳೆಯುತ್ತಾರೆ. ಈ ಹುಡುಗಿಯ ಕೀಲು ಕಡಿಮೆ ಬಾಗುವುದೇ ಇಲ್ಲವಲ್ಲ! ನ್ಯೂನತೆ ಶೇಕಡಾ 40 ಮುಟ್ಟದ ಕಾರಣ ಅವಳನ್ನು ಹಿಂದಕ್ಕೆ ಕಳಿಸಿದರು. ಆದರೆ ಬರೆಯಲು ಕಷ್ಟವಿರುವವರಿಗೆ ಶೇಕಡಾ 40ರ ಷರತ್ತು ಹಾಕಿ ಬರಹಗಾರರ ನೆರವು ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದರಂತೆ ಕೇಂದ್ರ ಸರ್ಕಾರ 2022ರ ಆಗಸ್ಟಿನಲ್ಲಿ ಮಾರ್ಗಸೂಚಿ ಹೊರಡಿಸಿತು. ವೈದ್ಯಕೀಯ ಪ್ರಮಾಣ ಪತ್ರದ ಆಧಾರದ ಮೇಲೆ ಬರಹಗಾರರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ಕೊಡಲು ಅದರಲ್ಲಿ ಅವಕಾಶ ಮಾಡಲಾಗಿತ್ತು. ಇದು ಮುಖ್ಯೋಪಾಧ್ಯಾಯರ ಮೇಜಿನವರೆಗೆ ಇಳಿದು ಬರಬೇಕು. ನಾನು ಸೇವೆಯಲ್ಲಿದ್ದಷ್ಟು ದಿನ ನನ್ನ ಕಿವಿಗೆ ಇದು ಬಿದ್ದಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಆ ಹುಡುಗಿ ಸಮಯ ಸಾಲದೆ ಎರಡು ಪತ್ರಿಕೆಗಳಲ್ಲಿ ಕೊನೆಯ ಪ್ರಶ್ನೆಗಳನ್ನು ಖಾಲಿ ಬಿಟ್ಟು ಬಂದಳು.

ಆರೋಗ್ಯಾಧಿಕಾರಿಗಳಲ್ಲಿ ಇನ್ನೊಂದು ಕೋರಿಕೆ. ವಂಶವಾಹಿ ತಜ್ಞರ ಸಲಹೆಗೆ ಈ ತಾಯಿ ಮಗಳು ಬೆಂಗಳೂರಿಗೆ ಹೋಗಬೇಕಾಯಿತು. ರಾತ್ರಿ ಬಸ್ಸಿನಲ್ಲಿ ಕುಳಿತು ಹೋದ ಮಗುವಿನ ಸೊಂಟದ ಕೀಲು ಎರಡು ದಿನ ಕೂಡಿಬರಲಿಲ್ಲ, ತಾಯಿಗೆ ಮೂರು ದಿನದ ಕೂಲಿ ಹೋಯಿತು. ತಿಂಗಳಿಗೆ ಒಂದು ದಿನ ಅಂಥ ತಜ್ಞರು ಹುಬ್ಬಳ್ಳಿಗೆ ಬಂದು ಕುಳಿತರೆ ಹಾವೇರಿಯಿಂದಲೂ ಗದಗಿನಿಂದಲೂ ಜನ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುತ್ತಾರೆ.

ಆ ತಜ್ಞರ ಮುಂದೆ ತಾಯಿ ಕೇಳಿದ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯಲೇಬೇಕು. ‘ನಾನು ಸೋದರಮಾವನನ್ನು ಮದುವೆಯಾದವಳು. ಅದಕ್ಕೇ ಹೀಗಾಯಿತೇ?’ ಊರಿನಲ್ಲಿ ಎಲ್ಲರೂ ಅವರಿಗೆ ಹಾಗೆಂದೇ ಹೇಳಿದ್ದರು. ತಜ್ಞರು ಅಲ್ಲವೆಂದರು. ಒಳಸಂಬಂಧದ ಮದುವೆಯಿಂದ ಹೆಚ್ಚುವ ಕಾಯಿಲೆಗಳು ಬಹಳ ಇವೆ, ಎಹ್ಲರ್ಸ್-ಡಾನ್ಲೋಸ್‌ನ ಕೆಲವು ಅಪರೂಪದ ವಿಧಗಳೂ ಹಾಗೆ ಬರುತ್ತವೆ. ಆದರೆ ಹೆಚ್ಚಾಗಿ ಕಾಣುವ ವಿಧಗಳು ತಂದೆ ಅಥವಾ ತಾಯಿ ಒಬ್ಬರಿಂದಲೇ ಬರುವಂಥವು. ಇವರ ಮನೆತನದ ಕಥೆಯೂ ಹಾಗೆಯೇ ಇದೆ. ಒಬ್ಬರಲ್ಲಿದ್ದರೆ ಪ್ರತಿ ಮಗುವಿಗೂ ಬರುವ, ಬಾರದಿರುವ ಸಾಧ್ಯತೆ ಅರ್ಧಕ್ಕರ್ಧ. ಅದನ್ನು ಕೇಳಿ ಆ ತಾಯಿ ಅತ್ತರು. ಹಗುರಾಗಿ ಅತ್ತರೋ, ತನ್ನ ಕೈಯ ಬೆರಳೇ ಮಗಳಿಗೆ ಬಂತೆಂದು ಅತ್ತರೋ ನಾನು ಕೇಳಲಿಲ್ಲ. ಹೊರಗೆ ಬಂದ ಮೇಲೆ ‘ಸರ್, ಈ ಹೆಸರನ್ನು ಊರಿನಲ್ಲಿ ಹೇಳಬೇಡಿ, ನಾಳೆ ಇವಳ ಮದುವೆ ಆಗಬೇಕು’ ಎಂದರು. ಶಾಲೆಯ ತಪಾಸಣೆಯಲ್ಲಿ ಸಿಕ್ಕ ಮಕ್ಕಳ ವಿವರ ತರಗತಿಯಲ್ಲಿ ಕೂಗುವಂತಾಗಬಾರದು. ಪೋಷಕರನ್ನು ಒಳಗೆ ಕರೆದು ಹೇಳುವ ಕ್ರಮ ಮೊದಲೇ ಗೊತ್ತಾಗಿರಬೇಕು.

ಈ ಕಾಯಿಲೆಗೆ ಬೇರಿನಿಂದ ಕೀಳುವ ಮದ್ದು ಇಲ್ಲ. ಆದರೂ ಆ ಹುಡುಗಿಯ ಭುಜ ಕಳೆದ ಎಂಟು ತಿಂಗಳಲ್ಲಿ ಒಂದೇ ಸಲ ಜಾರಿದೆ. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದಾಳೆ, ಬೆರಳಿಗೆ ಆಸರೆಯ ಉಂಗುರ ಹಾಕಿದ್ದಾಳೆ. ತಾಯಿಯೂ ಅಂಥದ್ದೇ ಒಂದನ್ನು ಹಾಕಿಕೊಂಡು ತೊಟ್ಟು ಬಿಡಿಸುತ್ತಾರೆ. ಎಣ್ಣೆ ಕೈಯಲ್ಲಿ ಅದು ಜಾರುತ್ತದೆಂದು ದಾರ ಕಟ್ಟಿಕೊಂಡಿದ್ದಾರೆ.

ಬೈಟನ್ ಅಂಕದ ಐದು ಭಂಗಿಗಳನ್ನೂ ಹೆಬ್ಬೆರಳಿನ ಎರಡು ಗುರುತುಗಳನ್ನೂ ನಾನು ದೊಡ್ಡ ಹಾಳೆಯ ಮೇಲೆ ಬರೆಸಿ ಇಟ್ಟಿದ್ದೇನೆ. ತಮ್ಮ ಯಾವ ತಂಡ, ಯಾವ ತರಬೇತಿ ಕರೆದರೂ ನನ್ನದೇ ಖರ್ಚಿನಲ್ಲಿ ಬಂದು ತೋರಿಸುತ್ತೇನೆ. ಹುಡುಗಿ ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಹೆಚ್ಚಿನ ಸಮಯ ಕೋರಿ ಕಾಲೇಜಿಗೆ ಕೊಟ್ಟ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಅದರ ಪ್ರತಿಯನ್ನು ಹೆಸರು ಮುಚ್ಚಿ ಈ ಪತ್ರದೊಂದಿಗೆ ಇಟ್ಟಿದ್ದೇನೆ. ಅವಳ ಪರೀಕ್ಷೆ ಮಾರ್ಚಿನಲ್ಲಿದೆ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ